ತಾಲ್ಲೂಕಿನ ವಾರಪತ್ರಿಕೆಯನ್ನು ಆನ್‌ಲೈನ್‌ಗೆ ಒಯ್ಯಬೇಕು, ಎಲ್ಲಿಂದ ಶುರು ಮಾಡಲಿ?

ಕಲ್ಪತರು ನಾಡಿನವ:
ತಿಪಟೂರು ಕಡೆ ನಮ್ಮದೊಂದು ವಾರಪತ್ರಿಕೆ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ಗುರುವಾರ ರಾತ್ರಿ ಪ್ರಿಂಟು, ಶುಕ್ರವಾರ ಅಂಚೆಗೆ. ಚಂದಾದಾರರ ಕೈ ಸೇರುವಷ್ಟರಲ್ಲಿ ಸುದ್ದಿಯೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಸುತ್ತಾಡಿ ಹಳತಾಗಿರುತ್ತದೆ. ಚಂದಾ ನವೀಕರಿಸುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ವೆಬ್‌ಸೈಟ್ ಮಾಡಿ ದಿನಕ್ಕೆ ಹತ್ತು ಸುದ್ದಿ ಹಾಕೋಣ ಅನ್ನುತ್ತಾಳೆ ಮಗಳು. ಇರುವುದು ನಾನು, ಒಬ್ಬ ವರದಿಗಾರ, ಒಬ್ಬ ಡಿಟಿಪಿ ಹುಡುಗ. ಸದ್ಯ ಪಿಡಿಎಫ್ ಅನ್ನು ಗ್ರೂಪುಗಳಿಗೆ ಪುಕ್ಕಟೆ ಕಳಿಸುತ್ತಿದ್ದೇವೆ. ಪ್ರಿಂಟ್ ನಿಲ್ಲಿಸಿಬಿಡಲೇ?

ಪುಟ ಕಟ್ಟುವವ:
ಸರ್, ಆ ಹತ್ತು ಸುದ್ದಿಯ ಓಟಕ್ಕೆ ದಯವಿಟ್ಟು ಇಳಿಯಬೇಡಿ. ಮೂರು ಜನ ಯೂಟ್ಯೂಬ್ ಚಾನೆಲ್‌ಗಳ ಜೊತೆ ಓಡಿ ಗೆಲ್ಲಲು ಆಗುವುದಿಲ್ಲ, ವಾರಕ್ಕೊಮ್ಮೆ ಕೂತು ಬರೆಯುತ್ತಿದ್ದ ಒಳ್ಳೆಯ ವರದಿಯೂ ಕೈಬಿಟ್ಟು ಹೋಗುತ್ತದೆ. ಬಹಳ ವರ್ಷ ವಾರಪತ್ರಿಕೆಗಳಿಗೆ ಪುಟ ಕಟ್ಟಿ, ಈಗ ಅವುಗಳ ವೆಬ್ ಕೆಲಸ ಮಾಡುವವನಾಗಿ ಹೇಳುತ್ತೇನೆ: ನಿಮ್ಮ ಆಸ್ತಿ ಇರುವುದು ಹಳೆಯ ಸಂಚಿಕೆಗಳಲ್ಲಿ ಮತ್ತು ಚಂದಾದಾರರ ರಿಜಿಸ್ಟರಿನಲ್ಲಿ.

ಪ್ರಿಂಟ್ ನಿಲ್ಲಿಸಬೇಡಿ. ಅಮೆರಿಕದ ನ್ಯೂಸ್‌ವೀಕ್ ವಾರಪತ್ರಿಕೆ 2012ರ ಕೊನೆಗೆ ಅಚ್ಚು ನಿಲ್ಲಿಸಿತ್ತು. ಮಾಲೀಕರು ಬದಲಾದ ಮೇಲೆ 2014ರ ಮಾರ್ಚ್‌ನಲ್ಲಿ ಮತ್ತೆ ಅಚ್ಚಿಗೆ ಬಂತು, ಬೆಲೆ ಏರಿಸಿ, ಜಾಹೀರಾತಿಗಿಂತ ಓದುಗರ ದುಡ್ಡನ್ನು ನೆಚ್ಚಿಕೊಂಡು. ನಿಮಗಂತೂ ಕೋರ್ಟ್ ನೋಟಿಸ್, ಟೆಂಡರ್ ಜಾಹೀರಾತು ಬರುವುದೇ ಅಚ್ಚಾದ ಪತ್ರಿಕೆಗೆ.

ಓದುಗರ ದುಡ್ಡಿನಲ್ಲಿ ಪತ್ರಿಕೆ ನಡೆಸುವುದು ನಮಗೇನು ಹೊಸದಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತಿಲ್ಲದೆ ಮಾರಾಟದ ಹಣದಲ್ಲೇ ನಡೆಯಿತು. ಫ್ರಾನ್ಸಿನ ಸುದ್ದಿತಾಣ ಮೀಡಿಯಾಪಾರ್ 2008ರಿಂದ ವೆಬ್‌ನಲ್ಲಿ ಅದನ್ನೇ ಮಾಡುತ್ತಿದೆ. ಹಾಗಾಗಿ ಪುಕ್ಕಟೆ ಪಿಡಿಎಫ್ ಮೊದಲು ನಿಲ್ಲಿಸಿ. ಫೋನಿನಲ್ಲಿ ಟ್ಯಾಬ್ಲಾಯ್ಡ್ ಪುಟವನ್ನು ಹಿಗ್ಗಿಸಿ ಹಿಗ್ಗಿಸಿ ಓದುವ ತಾಳ್ಮೆ ಯಾರಿಗಿದೆ? ಓದಿದವರು ಯಾರೆಂಬುದೂ ನಿಮಗೆ ತಿಳಿಯುವುದಿಲ್ಲ. ರಿಜಿಸ್ಟರಿನಲ್ಲಿರುವ ಪ್ರತಿಯೊಬ್ಬರಿಗೂ ಫೋನ್ ಮಾಡಿ, ವಾಟ್ಸ್‌ಆ್ಯಪ್ ನಂಬರ್ ಬರೆದುಕೊಳ್ಳಿ. ಶುಕ್ರವಾರ ಬೆಳಿಗ್ಗೆ ಅವರಿಗೆ ಲಿಂಕ್ ಹೋಗಲಿ.

ಊರು ಬಿಟ್ಟವಳು:
ನಾನು ತುರುವೇಕೆರೆ ಕಡೆಯವಳು, ಇರೋದು ಬೆಂಗಳೂರಲ್ಲಿ. ರಾಜ್ಯದ ಸುದ್ದಿ ಬೇಡ ಅಂದರೂ ಸಿಗುತ್ತೆ. ನಮ್ಮ ಕೆರೆಗೆ ಹೇಮಾವತಿ ನೀರು ಬಂತಾ, ಕೊಬ್ಬರಿ ಹರಾಜಲ್ಲಿ ಏನು ರೇಟ್ ಬಿತ್ತು, ಇದು ಎಲ್ಲೂ ಸಿಗಲ್ಲ. ಇದಕ್ಕೆ ಖಂಡಿತ ದುಡ್ಡು ಕೊಡ್ತೀನಿ. ಯುಪಿಐ ಇಡಿ ಸರ್, ಮನಿಯಾರ್ಡರ್ ಅನ್ನಬೇಡಿ. ನಮ್ಮಪ್ಪನಿಗೆ ಪೇಪರೇ ಆಗಬೇಕು. ಒಂದೇ ಚಂದಾದಲ್ಲಿ ಅವರಿಗೆ ಪತ್ರಿಕೆ, ನನಗೆ ವೆಬ್ ಅಂತ ಮಾಡಿದರೆ ಕಟ್ಟೋದು ನಾನೇ.

ಕಲ್ಪತರು ನಾಡಿನವ:
ಇಬ್ಬರಿಗೂ ಧನ್ಯವಾದ. ಮನೆಮಂದಿಗೆಲ್ಲ ಒಂದೇ ಚಂದಾ ಎಂಬುದು ನಮಗೆ ಹೊಳೆದೇ ಇರಲಿಲ್ಲ. ಆದರೆ ಹಳೆಯ ಸಂಚಿಕೆಗಳೆಲ್ಲ ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿವೆ. ಕಾಪಿ ಮಾಡಿ ವೆಬ್‌ಗೆ ಹಾಕಿದರೆ ಏನೇನೋ ಚಿಹ್ನೆ ಬರುತ್ತದೆ. ಇನ್ನೂ ಹಿಂದಿನವು ಬೈಂಡ್ ಮಾಡಿಸಿದ ಸಂಪುಟಗಳು ಮಾತ್ರ.

ಪುಟ ಕಟ್ಟುವವ:
ಆ ಹಳೆಯ ಫೈಲಿನಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿಗೆ ಫಾಂಟು ಕನ್ನಡದ ರೂಪ ಕೊಟ್ಟಿರುತ್ತದೆ, ಅಷ್ಟೇ. ಯಾರಾದರೂ ಗೂಗಲ್‌ನಲ್ಲಿ ‘ಹೇಮಾವತಿ ನಾಲೆ’ ಎಂದು ಹುಡುಕಿದರೆ ನೀವು ಇಷ್ಟು ವರ್ಷ ಬರೆದದ್ದರಲ್ಲಿ ಒಂದು ಸಾಲೂ ಸಿಗುವುದಿಲ್ಲ. ಎಷ್ಟೋ ಪತ್ರಿಕೆಗಳ ಕಥೆ ಇದೇ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಜರ್ಮನಿಯ ಶ್ಪೀಗಲ್ ವಾರಪತ್ರಿಕೆ 1947ರಿಂದ ಹಿಡಿದು ತನ್ನ ಹಳೆಯ ಸಂಚಿಕೆಗಳನ್ನು ಹುಡುಕಿ ಓದುವಂತೆ ಇಟ್ಟಿದೆ.

ಇದನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಸಂಕೇತ ವ್ಯವಸ್ಥೆಗೆ, ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವತ್ತಿನ ಮೇಲೆ ಕಣ್ಣಿಡಿ: ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಮೇಲೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕೆಡುತ್ತವೆ. ಕರಡು ತಿದ್ದದೆ ಹಾಕಬೇಡಿ. ಎಲ್ಲವನ್ನೂ ಒಮ್ಮೆಗೇ ಮಾಡಲು ಹೋಗದೆ ನಾಲೆ, ಕೊಬ್ಬರಿ ಬೆಂಬಲ ಬೆಲೆ, ಬರ, ಹೀಗೆ ಜನ ಮತ್ತೆ ಮತ್ತೆ ಹುಡುಕುವ ವಿಷಯಗಳಿಂದ ಶುರು ಮಾಡಿ. ಬೈಂಡ್ ಸಂಪುಟಗಳನ್ನು ಮಳೆಗಾಲಕ್ಕೆ ಮುಂಚೆ ಸ್ಕ್ಯಾನ್ ಮಾಡಿಸಿ, ನ್ಯೂಸ್‌ಪ್ರಿಂಟ್ ಬೇಗ ಪುಡಿಯಾಗುತ್ತದೆ.

ಮುಂದಿನ ಸಂಚಿಕೆಯನ್ನಂತೂ ಯೂನಿಕೋಡ್‌ನಲ್ಲೇ ಕಂಪೋಸ್ ಮಾಡಿಸಿ. ಪೇಜ್‌ಮೇಕರ್‌ನಲ್ಲಿ ಆಗದು, ಅದರ ಬದಲು ಇನ್‌ಡಿಸೈನ್‌ನಂಥ ಹೊಸ ತಂತ್ರಾಂಶ ಬೇಕು. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರ ಒಡೆಯುತ್ತವೆ, ನಿಮ್ಮ ಹುಡುಗನಿಗೆ ಇದನ್ನು ತಪ್ಪದೆ ಹೇಳಿ. ಆಮೇಲೆ ಒಂದೇ ಸಲ ಟೈಪ್ ಮಾಡಿದ್ದು ಪ್ರಿಂಟಿಗೂ ವೆಬ್‌ಗೂ ಆಗುತ್ತದೆ.