ಸಹಾಯ ಬೇಕು: ರಾಗಿ ಬೀಸುವ ಕಲ್ಲಿಗೆ ಉಳಿ ಹಾಕುವವರು ಇದ್ದಾರೆಯೇ?

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆ ಬೀಸುವ ಕಲ್ಲಿಗೆ ಉಳಿ ಹಾಕಿಕೊಡುವವರು, ಅಂದರೆ ಸವೆದ ಮುಖವನ್ನು ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುವವರು, ಈಗಲೂ ಇದ್ದರೆ ದಯವಿಟ್ಟು ತಿಳಿಸಿ. ಅಜ್ಜಿಯ ಕಾಲದ ಕಲ್ಲು. ಮೇಲಿನದು, ಕೆಳಗಿನದು ಎರಡೂ ಗಟ್ಟಿಯಾಗಿವೆ, ಬಿರುಕಿಲ್ಲ. ಆದರೆ ಬೀಸುವ ಮುಖ ಸವೆದು ನುಣುಪಾಗಿದೆ. ಹಾಗಾಗಿ ರಾಗಿ ಒಡೆಯದೆ ಇಡಿಯಾಗಿಯೇ ಅಂಚಿಗೆ ಜಾರಿ ಬರುತ್ತದೆ. ಕಲ್ಲಿನ ಬಾಯಿಗೆ ಸ್ವಲ್ಪ ಸ್ವಲ್ಪವೇ ಹಾಕಿದರೂ ಅಷ್ಟೇ.

ಮಷೀನಿನಲ್ಲಿ ಗೀರು ಹಾಕುವುದು ಖಂಡಿತ ಬೇಡ. ಕೈ ಉಳಿಯಲ್ಲೇ, ಸಣ್ಣ ಪೆಟ್ಟಿನಲ್ಲಿ, ಮುಖವಿಡೀ ಸಮವಾಗಿ ಆಗಬೇಕು. ಒಂದು ಕಡೆ ಗುಂಡಿ ಬಿದ್ದರೆ ಕಾಳು ಅಲ್ಲೇ ಕೂತು ಹಿಟ್ಟು ತರಿತರಿಯಾಗುತ್ತದೆ.

ಇನ್ನೊಂದು ವಿಷಯ, ನಡುವಿನ ಗೂಟ ಸಡಿಲವಾಗಿದೆ. ಮೇಲಿನ ಕಲ್ಲು ಓಲಾಡಿ ಒಂದೇ ಮಗ್ಗುಲು ಹೆಚ್ಚು ಸವೆದಿರುವುದು ಅದಕ್ಕೇ. ಹಸಿ ಮರದ ಗೂಟ ಒಣಗಿದ ಮೇಲೆ ಮತ್ತೆ ಅಲ್ಲಾಡುತ್ತದೆ, ಹಾಗಾಗಿ ಚೆನ್ನಾಗಿ ಒಣಗಿದ್ದೇ ಬೇಕು. ಜಾಲಿ ಮರದ್ದು ಬಾಳಿಕೆ ಬರುತ್ತದೆಯೇ, ಬೇರೆ ಯಾವುದಾದರೂ ಒಳ್ಳೆಯದೇ?

ಉಳಿ ಹಾಕಿಸಿದ ಮೇಲೆ ಮೊದಲು ಹೊಟ್ಟು ಬೀಸಿ ಚೆಲ್ಲಬೇಕು. ಇಲ್ಲದಿದ್ದರೆ ಮುದ್ದೆಯಲ್ಲಿ ಕಲ್ಲುಪುಡಿ ಹಲ್ಲಿಗೆ ಸಿಗುತ್ತದೆ. ಎಷ್ಟು ಸಲ ಬೀಸಿ ಚೆಲ್ಲಿದರೆ ಸಾಕು ಎಂದು ಅನುಭವವಿರುವ ಹಿರಿಯರು ಹೇಳಿ. ಕೂಲಿ, ಓಡಾಟದ ಖರ್ಚು ಎರಡನ್ನೂ ಕೊಡುತ್ತೇವೆ.