ಹಾಲುವಾಣದ ಚಿಗುರೆಲ್ಲ ಗಂಟುಗಟ್ಟುತ್ತಿದೆ, ಏನು ಮಾಡಲಿ?

ಶಾರದಾ, ತೀರ್ಥಹಳ್ಳಿ:
ನಮಸ್ಕಾರ. ತೋಟದಂಚಿನಲ್ಲಿ ಕಾಳುಮೆಣಸು ಹಬ್ಬಿಸಿರುವ ಹಾಲುವಾಣದ ಚಿಗುರು ಬಿಡಿಸಿಕೊಳ್ಳುವುದೇ ಇಲ್ಲ. ಎಲೆ ಸುರುಟಿಕೊಂಡಿದೆ, ತೊಟ್ಟು ಊದಿಕೊಂಡಿದೆ. ಅಂಗಡಿಯಲ್ಲಿ ಕೊಟ್ಟ ಕೀಟನಾಶಕ ಹೊಡೆಸಿದರೂ ಹೊಸ ಚಿಗುರು ಹಾಗೆಯೇ ಬರುತ್ತಿದೆ. ಬೇಲಿಯಾಚೆ ಕಾಡಿನಲ್ಲಿರುವ ಹಾಲುವಾಣಕ್ಕೂ ಇದು ಹತ್ತುತ್ತದೆಯೇ? ಮಳೆಗೆ ಮೊದಲು ಈ ಮರಗಳಿಂದಲೇ ಗೂಟ ಕಡಿದು ನೆಡಬೇಕೆಂದಿದ್ದೆವು.

ಕಾನುಮನೆ, ಸಾಗರ:
ಅಕ್ಕ, ಗೂಟ ಕಡಿಯುವುದನ್ನು ಮೊದಲು ನಿಲ್ಲಿಸಿ. ಎಳೆಯ ಗಂಟೊಂದನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಪುಟ್ಟ ಪುಟ್ಟ ಗೂಡುಗಳಲ್ಲಿ ಬಿಳಿ ಮರಿಹುಳು ಕಂಡರೆ ಅದು ಗಂಟುಕಣಜ, ಕ್ವಾಡ್ರಾಸ್ಟೈಕಸ್ ಎರಿತ್ರಿನೆ. ಆಫ್ರಿಕಾ ಮೂಲದ್ದು, 2004ರಲ್ಲಿ ಅದಕ್ಕೆ ಹೆಸರಿಟ್ಟರು, ಮರುವರ್ಷವೇ ಹವಾಯಿಯಲ್ಲಿತ್ತು. ಬೆಳೆದ ಕಣಜ ಒಂದೂವರೆ ಮಿಲಿಮೀಟರ್ ಇದ್ದರೆ ಹೆಚ್ಚು. ಎಳೆ ಎಲೆಯೊಳಗೆ ಮೊಟ್ಟೆ ಚುಚ್ಚುತ್ತದೆ, ಮರಿ ಅಲ್ಲೇ ಬೆಳೆಯುತ್ತದೆ. ಮೇಲೆ ಹೊಡೆದ ಔಷಧ ಅದನ್ನು ಮುಟ್ಟುವುದೇ ಇಲ್ಲ. ಕಾಡಿನ ಮರಕ್ಕೂ ಖಂಡಿತ ಹತ್ತುತ್ತದೆ. ಅಲ್ಲಿ ಸವರುವವರು ಯಾರೂ ಇಲ್ಲ ಎನ್ನುವುದೇ ನನ್ನ ಚಿಂತೆ.

ಗಂಟಿನ ಮೇಲೆ ಸೂಜಿ ಚುಚ್ಚಿದಂಥ ತೂತು ಕಂಡರೆ ಕಣಜ ಹಾರಿಹೋಗಿದೆ ಎಂದರ್ಥ. ಹಾಗಾಗಿ ಹಸಿರಿರುವಾಗಲೇ ಕೊಯ್ಯಬೇಕು. ಕೊಯ್ದದ್ದನ್ನು ಮರದ ಬುಡದಲ್ಲಿ ರಾಶಿ ಹಾಕಬೇಡಿ, ಅಲ್ಲಿಂದಲೂ ಕಣಜ ಹೊರಬರುತ್ತದೆ. ಚೀಲಕ್ಕೆ ತುಂಬಿ ಅಂದೇ ಸುಟ್ಟುಬಿಡಿ. ಮೊಟ್ಟೆಯಿಂದ ಕಣಜವಾಗಲು ಸುಮಾರು 20 ದಿನ ಸಾಕು, ಆದ್ದರಿಂದ ಒಮ್ಮೆ ಸವರಿ ಬಿಟ್ಟರೆ ಪ್ರಯೋಜನವಿಲ್ಲ. ಅಕ್ಕಪಕ್ಕದ ತೋಟದವರೂ ಜೊತೆಗೆ ಸವರಬೇಕು.

ಗುಡ್ಡೇಮನೆ, ಹೊಸನಗರ:
ಬುಡಕ್ಕೆ ಇಮಿಡಾಕ್ಲೋಪ್ರಿಡ್ ಕೀಟನಾಶಕ ಸುರಿದರೆ ರಸದ ಮೂಲಕ ಮೇಲೇರುತ್ತದಲ್ಲವೇ?

ಕಾನುಮನೆ, ಸಾಗರ:
ಏರುತ್ತದೆ. ಹವಾಯಿಯಲ್ಲಿ ಕಾಂಡಕ್ಕೇ ಚುಚ್ಚಿ ಕೊಟ್ಟು ಮರ ಉಳಿಸಿಕೊಂಡದ್ದೂ ಉಂಟು. ಆದರೆ ನಮ್ಮಲ್ಲಿ ಅದೇ ಬುಡದಲ್ಲಿ ಮೆಣಸಿನ ಬೇರಿದೆ, ಮೇಲೆ ಕೆಂಪು ಹೂವಿಗೆ ಜೇನು, ಸೂರಕ್ಕಿ ಮುತ್ತುತ್ತವೆ. ದಯವಿಟ್ಟು ಆ ಕೆಲಸ ಮಾಡಬೇಡಿ. 2008ರಲ್ಲಿ ಹವಾಯಿಯವರು ಈ ಕಣಜದ ಮರಿಗಳನ್ನು ತಿನ್ನುವ ಯೂರಿಟೋಮಾ ಎಂಬ ಇನ್ನೊಂದು ಕಣಜವನ್ನು, ಪರೀಕ್ಷಿಸಿದ ನಂತರವೇ, ಬಿಟ್ಟರು. ಅದು ಸಂಶೋಧಕರು ಮಾಡಬೇಕಾದ ಕೆಲಸ.

ಶಾರದಾ, ತೀರ್ಥಹಳ್ಳಿ:
ಸೀಳಿ ನೋಡಿದೆ, ಮರಿಹುಳು ಇದೆ. ಹಾಗಾದರೆ ಈ ವರ್ಷ ಯಾವ ಗೂಟ ನೆಡಲಿ?

ಕಾನುಮನೆ, ಸಾಗರ:
ಗ್ಲಿರಿಸಿಡಿಯಾ ನೆಡಿ, ಈ ಕಣಜ ಅದರ ತಂಟೆಗೆ ಹೋಗುವುದಿಲ್ಲ. ನಿಮ್ಮ ಹಾಲುವಾಣದ ಗೂಟವನ್ನು ಯಾರು ಕೇಳಿದರೂ ಕೊಡಬೇಡಿ, ನೆಂಟರಾದರೂ ಸರಿ. ಗಂಟಿರುವ ಒಂದು ರೆಂಬೆಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ತೋರಿಸಿ. ಬೇಲಿಯಾಚೆಯ ಮರಗಳ ಫೋಟೊ ತೆಗೆದು ವಲಯ ಅರಣ್ಯಾಧಿಕಾರಿಗೂ ಒಂದು ಅರ್ಜಿ ಕೊಡಿ.