ಸಾಗರದ ಹಳೇ ಮನೆಗೆ ಒರಲೆ (ಗೆದ್ದಲು), ಸರಿಯಾಗಿ ನೋಡಿ ಹೇಳುವವರು ಬೇಕು

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ. ಮೊದಲ ಮಳೆ ಬಿದ್ದ ಸಂಜೆ ಜಗಲಿ ದೀಪಕ್ಕೆ ರೆಕ್ಕೆ ಹುಳ ಮುತ್ತಿದವು. ಬೆಳಿಗ್ಗೆ ದೇವರಕೋಣೆ ಹೊಸ್ತಿಲ ಮೂಲೆಯಲ್ಲಿ ರಾಶಿ ರೆಕ್ಕೆ. ಆಗಲೇ ಕಂಡಿದ್ದು, ಗೋಡೆ ಬುಡದಿಂದ ಬಾಗಿಲ ಚೌಕಟ್ಟಿಗೆ ಹತ್ತಿದ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ. ತಟ್ಟಿದರೆ ಚೌಕಟ್ಟು ಟೊಳ್ಳು ಸದ್ದು ಮಾಡುತ್ತೆ.

ಕರೆಸಿದ ಒಬ್ಬರು ಎರಡು ನಿಮಿಷ ನಿಂತು ರೇಟು ಹೇಳಿ ಹೋದರು, ಅಟ್ಟ ಹತ್ತಲೇ ಇಲ್ಲ! ನನಗೆ ಮೊದಲು ಬೇಕಾದ್ದು ಪರೀಕ್ಷೆ. ತೊಲೆ, ಬಚ್ಚಲ ಗೋಡೆ, ಹಿತ್ತಿಲ ಕಟ್ಟಿಗೆ ರಾಶಿ ಎಲ್ಲ ನೋಡಿ, ತೇವ ಅಳೆದು, ಹುಳ ಎಲ್ಲಿಂದ ಬರುತ್ತಿದೆ ಅಂತ ಬರೆದುಕೊಡಬೇಕು. ಗೋಡೆ-ನೆಲ ಸೇರುವಲ್ಲಿ ಅಡಿಗೊಂದು ತೂತು ಕೊರೆದು ಮದ್ದು ಬಿಡುವುದು ಆಮೇಲಿನ ಮಾತು.

ಬಾವಿ ಮನೆಯಿಂದ ಬರೀ 15 ಅಡಿ, ಕುಡಿಯುವುದೂ ಅದೇ ನೀರು. ಇಂಥ ಕಡೆ ಮದ್ದು ಹಾಕಿಸಿದವರು ಇದ್ದೀರಾ? ನೆಲ ಕೆಂಪು ಗಾರೆ, ತೂತು ಮುಚ್ಚಿದ ಮೇಲೂ ಕಾಣುತ್ತಾ? ಶಿವಮೊಗ್ಗದಿಂದ ಬರುವವರಾದರೂ ಸರಿ, ತಿಳಿಸಿ. ಸೀಮೆಎಣ್ಣೆ ಸಲಹೆ ಮಾತ್ರ ಬೇಡ, ಅಮ್ಮ ಮೂರು ಸಲ ಮಾಡಿಯಾಗಿದೆ.